ಹದಿನೇಳನೆಯ ತಾರೀಖು ತೆಗೆಯದೆ ಉಳಿದ ಕೊಳವೆ

2023ನೆಯ ಇಸವಿ ಆಗಸ್ಟ್ 17, ಗುರುವಾರ. ಆಧಾರ: ರಾಯದುರ್ಗದ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಆ ವರ್ಷ ತೂಗುತ್ತಿದ್ದ ತೆಲುಗು ಕ್ಯಾಲೆಂಡರು. ಆ ದಿನದ ಚೌಕದೊಳಗೆ ನನ್ನ ಹೆಂಡತಿ ಗಿರಿಜಮ್ಮ ನೀಲಿ ಶಾಯಿಯಲ್ಲಿ ಐದು ಪದ ಬರೆದಿದ್ದಾಳೆ: "ಇವತ್ತೂ ಪೈಪು ತೆಗೀಲಿಲ್ಲ. ಈರಣ್ಣನ ದೆಸೆಯಿಂದ." ಆ ದಿನ ಅವಳು ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು. ಇದನ್ನು ಬರೆದದ್ದು ಮರುವಾರ ಮನೆಗೆ ಬಂದ ಮೇಲೆ. ಆದ್ದರಿಂದ ಇದು ಅದೇ ದಿನದ ದಾಖಲೆಯಲ್ಲ, ಸಮೀಪದ ದಾಖಲೆ. ಹಳೆಯ ಕ್ಯಾಲೆಂಡರುಗಳನ್ನು ನಾನು ಎಸೆಯುವುದಿಲ್ಲವಾದ್ದರಿಂದ ಇಷ್ಟಾದರೂ ಉಳಿದಿದೆ.

ನಾನು ವೃತ್ತಿಯಲ್ಲಿ ಶಾಸನಗಳ ಪಡಿಯಚ್ಚು ತೆಗೆದು ಓದಿದವನು. ಕಲ್ಲಿನ ಮೇಲಿನ ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ಆ ಕಲ್ಲನ್ನು ಅನುಮಾನಿಸುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಹೆಂಡತಿಯ ತವರಾದ ರಾಯದುರ್ಗದಲ್ಲಿ ನೆಲೆಸಿದ ಮೇಲೂ ಅಭ್ಯಾಸ ಹೋಗಲಿಲ್ಲ. ನನ್ನ ಕಾಯಿಲೆಯ ಬಗ್ಗೆ ಬರೆಯುವಾಗಲೂ ಅದೇ ಕ್ರಮವನ್ನು ಇಟ್ಟುಕೊಂಡಿದ್ದೇನೆ: ಒಂದೊಂದು ಸಂಗತಿಗೂ ಯಾರು ಕಂಡರು, ಯಾವಾಗ ಬರೆದರು ಎಂಬುದನ್ನು ಕೇಳಿಕೊಂಡಿದ್ದೇನೆ. ಗಂಟಲಿನಲ್ಲಿ ಕೊಳವೆಯಿಟ್ಟುಕೊಂಡು ಮಲಗಿದವರಿಗೂ ಅವರಿಗಾಗಿ ಬಾಗಿಲ ಹೊರಗೆ ಕುಳಿತವರಿಗೂ ಇದರಿಂದ ಏನಾದರೂ ಸಿಕ್ಕೀತೆಂಬ ಅಂದಾಜಿನಿಂದ ಬರೆಯುತ್ತಿದ್ದೇನೆ.

ಬಿಡುಗಡೆಯ ಪತ್ರದ ಪ್ರಕಾರ ನಾನು ಆಸ್ಪತ್ರೆಗೆ ಸೇರಿದ್ದು ಆಗಸ್ಟ್ 8, ಮಂಗಳವಾರ. ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ಹಬ್ಬಿತ್ತು. ಅದೇ ದಿನ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿದರು. ಮುಂದಿನ ಐದು ದಿನಗಳ ಬಗ್ಗೆ ನನ್ನಲ್ಲಿ ಯಾವ ದಾಖಲೆಯೂ ಇಲ್ಲ. ಇದ್ದ ಹಾಗೆ ತೋರುವುದೆಲ್ಲ ಔಷಧಿಯ ಅಮಲಿನ ಚಿತ್ರಗಳು. ಅವನ್ನು ಇಲ್ಲಿ ಸೇರಿಸುವುದಿಲ್ಲ.

ಆಗಸ್ಟ್ 14, ಸೋಮವಾರ ಬೆಳಿಗ್ಗೆ ಮೊದಲ ಸಲ ಕೊಳವೆ ತೆಗೆದರು. ಇದು ನನಗೆ ನೆನಪಿದೆ. ನಮ್ಮ ಬೀದಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿವೆ. ನಾಲ್ಕು ಪದರ ಬಟ್ಟೆ ಒಟ್ಟಾದ ಕಡೆ ಸೂಜಿ ಸಿಕ್ಕಿಕೊಂಡರೆ ಯಂತ್ರ ಒಂದು ಎಳೆದ ಕೀರಲು ಸದ್ದು ಮಾಡುತ್ತದೆ. ಅಂಥದೇ ಸದ್ದು ಕೇಳಿಸಿತು. ಯಾರೋ ಪಕ್ಕದಲ್ಲಿ ಹೊಲಿಗೆ ಹಾಕುತ್ತಿದ್ದಾರೆಂದುಕೊಂಡೆ. ಉಸಿರು ಒಳಗೆಳೆದಾಗಲೆಲ್ಲ ಸದ್ದು ಬರುವುದನ್ನು ಗಮನಿಸಿದ ಮೇಲೆ ಅದು ನನ್ನ ಗಂಟಲೆಂದು ತಿಳಿಯಿತು. ನನಗೆ ಹೆದರಿಕೆಯಾಯಿತೆಂದು ಬರೆಯಬೇಕು. ಆದರೆ ಆಗ ನಾನು ಮಾಡಿದ್ದು ಎಣಿಸುವ ಕೆಲಸ ಮಾತ್ರ. ಹನ್ನೊಂದನೆಯ ಉಸಿರಿನವರೆಗೆ ಎಣಿಸಿದ್ದೇನೆ. ಒಂದು ಗಂಟೆಯೊಳಗೆ ಕೊಳವೆಯನ್ನು ಮತ್ತೆ ಇಳಿಸಿದರೆಂದು ಪತ್ರ ಹೇಳುತ್ತದೆ.

ವೈದ್ಯರು ಹೊರಗೆ ಗಿರಿಜಮ್ಮನಿಗೆ ಹೇಳಿದ್ದನ್ನು ಅವಳ ಮಾತಿನಲ್ಲೇ ಕೊಡುತ್ತೇನೆ, ಅವಳಿಗೆ ಮಾತು ಮರೆಯುವುದಿಲ್ಲ: "ಪೈಪು ಒತ್ತಿ ಒತ್ತಿ ಗಂಟಲೊಳಗ ಬಾವು ಬಂದೈತ್ರಿ ಅಮ್ಮ. ಪೈಪು ಇರೋತನಕ ಗೊತ್ತಾಗಂಗಿಲ್ಲ, ತೆಗೆದ ಕೂಡ್ಲೇ ದಾರಿ ಮುಚ್ಚತೈತಿ. ಮುಂದಿನ ಸಲ ಹಂಗ ತೆಗಿಯಂಗಿಲ್ಲ. ಹನ್ನೆರಡು ತಾಸು ಮೊದಲ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿ, ನಾಕು ತಾಸಿಗೊಮ್ಮೆ ಕೊಟ್ಟು, ಬಾವು ಇಳಿಸಿಕೊಂಡು ತೆಗೀತೀವಿ. ಅದಕ್ಕೂ ಬಗ್ಗಲಿಲ್ಲ ಅಂದ್ರ ಕುತ್ತಿಗಿಗೆ ರಂಧ್ರ ಮಾಡಿ ಉಸಿರಿಗೆ ದಾರಿ ಕೊಡಬೇಕಾಗತೈತಿ. ಸ್ವಲ್ಪ ದಿನ ಮಾತು ಇರಂಗಿಲ್ಲ."

ಗಿರಿಜಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸ್ವಲ್ಪ ದಿನ ಅಂದ್ರ ಎಷ್ಟ್ರಿ?"

ಹೀಗಾಗಿ ಇಡೀ ಮನೆತನದ ಕಣ್ಣು ಎರಡನೆಯ ಸಲದ ಮೇಲೆ ನಿಂತಿತು. ಗುರುವಾರ ಬೆಳಿಗ್ಗೆ ಏಳೂವರೆಗೆಂದು ಗೊತ್ತಾಯಿತು. ಇಂಜೆಕ್ಷನ್ ಬುಧವಾರ ಸಂಜೆ ಏಳರಿಂದ ಆರಂಭವಾಗಬೇಕು.

ಬುಧವಾರ ಮಧ್ಯಾಹ್ನ ನನ್ನ ತಂಗಿ ಕರಿಯಮ್ಮ, ಅವಳ ಗಂಡ ಈರಣ್ಣ ಅಮರಾಪುರದ ಕಡೆಯಿಂದ ಬಂದರು. ನಾನು ಹುಟ್ಟಿ ಬೆಳೆದದ್ದು ಆ ಕಡೆಯೇ, ಮಡಕಶಿರ ಸೀಮೆಯಲ್ಲಿ. ಈಗ ಅದು ಹೊಸ ಜಿಲ್ಲೆಗೆ ಸೇರಿದೆ. ನನ್ನ ಕಾಗದಪತ್ರಗಳಲ್ಲಿ ಇನ್ನೂ ಅನಂತಪುರವೆಂದೇ ಇದೆ. ಈರಣ್ಣ ನನ್ನ ಸೋದರಮಾವನ ಮಗ, ನನಗಿಂತ ಎರಡು ವರ್ಷ ಚಿಕ್ಕವನು. ಅವನು ಕುರಿಯ ಹಿಂದೆ ಉಳಿದ, ನಾನು ಮಡಕಶಿರದ ಶಾಲೆಗೆ ಹೋದೆ. ಹುಟ್ಟಿದ ಮರಿ ಉಸಿರಾಡದೆ ಬಿದ್ದುಕೊಂಡರೆ ಅವನು ಅದರ ಮೂಗಿನ ಲೋಳೆಯನ್ನು ಬಾಯಿಂದ ಹೀರಿ ಉಗಿದು, ಹಿಂಗಾಲು ಹಿಡಿದು ತೂಗಿ, ಪಕ್ಕೆ ಉಜ್ಜಿ ಎಬ್ಬಿಸುತ್ತಿದ್ದ. ಹತ್ತು ವರ್ಷದವನಾಗಿದ್ದಾಗಲೇ ಅದನ್ನು ಕಲಿತಿದ್ದ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ಒಂದು ಸಲವೂ ಮಾಡಲಿಲ್ಲ.

ಅವನು ಬರುವಾಗ ಹೆಗಲ ಮೇಲೆ ಕರಿ ಕಂಬಳಿ ತಂದಿದ್ದ. ಐಸಿಯು ಮುಂದಿನ ಹಾಲಿನಲ್ಲಿ ಕುರ್ಚಿಗಳು ಸಾಲದೆ ಜನ ಬರಿ ನೆಲದ ಮೇಲೆ ಕೂರುತ್ತಿದ್ದರು. ಈರಣ್ಣ ಗೋಡೆಯ ಮಗ್ಗುಲಿಗೆ ಕಂಬಳಿ ಹಾಸಿದ. "ಬರ್ರವ್ವಾ, ಕುಂತ್ಕಳಿ. ಚಪ್ಲಿ ಮಾತ್ರ ಅತ್ಲಾಗೆ ಬಿಡಿ," ಎಂದು ಗುರುತಿಲ್ಲದವರನ್ನೂ ಕರೆದ. ನಮ್ಮ ಜನರಲ್ಲಿ ಹಾಸಿದ ಕಂಬಳಿಯನ್ನು ಚಪ್ಪಲಿ ಕಾಲಲ್ಲಿ ಮೆಟ್ಟುವುದಿಲ್ಲ. ಹಿರಿಯರು ನ್ಯಾಯ ಹೇಳುವುದು ಅದರ ಮೇಲೆ ಕುಳಿತೇ, ಅಲ್ಲಿ ಕುಳಿತವರು ಸುಳ್ಳಾಡುವುದಿಲ್ಲವೆಂಬ ನಂಬಿಕೆಯ ಮೇಲೆ. ಗಿರಿಜಮ್ಮನ ತವರಿನವರೂ ಕಂಬಳಿ ವ್ಯಾಪಾರದವರೇ. ಅವಳಿಗೂ ಇದು ಗೊತ್ತು.

ಸಂಜೆ ಐದೂವರೆಯ ಹೊತ್ತಿಗೆ ಔಷಧಿಯ ಚೀಟಿ ಬಂತು. ಗಿರಿಜಮ್ಮ ಅದನ್ನು ಈರಣ್ಣನ ಕೈಗೆ ಕೊಟ್ಟಳು. ಅವನು ಅಂಗಡಿಯಿಂದ ಪುಟ್ಟ ಗಾಜಿನ ಸೀಸೆಗಳನ್ನು ತಂದ. ಬಾಗಿಲಿಗೆ ಕೊಡುವ ಬದಲು ಒಂದನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತ.

"ಅಕ್ಕಾ, ಇದು ಡೆಕ್ಸಾ ಕಣಕ್ಕ. ಕುರಿಗೆ ಚುಚ್ಚೋ ಔಷ್ದಿ."

"ಹೆಸ್ರು ಒಂದ ಇರಬೌದು ಬಿಡ್ರಿ ಈರಣ್ಣ. ಡಾಕ್ಟ್ರು ಬರದಾರ."

"ಹೆಸ್ರಲ್ಲ, ಸೀಸೇನೂ ಇಂಗೇ ಇರ್ತೈತೆ. ಹೋದೊರ್ಸ ಕಾಲು ಬಾತಿದ್ವು ಅಂತ ಚುಚ್ಚುಸ್ದೆ. ಮೂರು ಗಬ್ಬದ ಕುರಿ ಕಂದಾಕಿದ್ವು, ದಿನ ತುಂಬ್ದೇ ಮರಿ ಬಿದ್ದೋದ್ವು. ನನ್ ಕಣ್ಣಾರೆ ಕಂಡಿವ್ನಿ."

ಕರಿಯಮ್ಮ ಅಣ್ಣನ ಸಂಕಟದ ನಡುವೆಯೂ ಗಂಡನನ್ನು ಬಿಡಲಿಲ್ಲ: "ಅದ್ಕೇನೀಗ? ನಮ್ಮಣ್ಣ ಏನು ಗಬ್ಬ ಆಗವ್ನಾ ಕಂದಾಕಕ್ಕೆ? ಮಳ್ಳನಂಗೆ ನಿಂತ್ಕಬ್ಯಾಡ, ಹೋಗಿ ಕೊಡು!"

ಕಂಬಳಿಯ ಮೇಲಿದ್ದವರೆಲ್ಲ ನಕ್ಕರು. ಎಂಟು ದಿನಗಳಲ್ಲಿ ತಾನು ನಕ್ಕದ್ದು ಅದೊಂದೇ ಸಲ ಎಂದು ಗಿರಿಜಮ್ಮ ಹೇಳುತ್ತಾಳೆ. ಈರಣ್ಣ ನಗಲಿಲ್ಲ. ಸೀಸೆಗಳನ್ನು ಅಂಗಿಯ ಜೇಬಿಗಿಳಿಸಿಕೊಂಡು, "ಒಂದು ಮಾತು ಕೇಳ್ಕಂಡು ಬತ್ತೀನಿ," ಎಂದು ಹೊರಟ. ಅಮರಾಪುರದ ಪಶು ಆಸ್ಪತ್ರೆಯ ಕಾಂಪೌಂಡರಿಗೆ ಫೋನು ಮಾಡುವುದು ಅವನ ಉದ್ದೇಶ. ಫೋನಿನಲ್ಲಿ ಚಾರ್ಜಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದು, ಟೀ ಅಂಗಡಿಯಲ್ಲಿ ಚಾರ್ಜಿಗಿಟ್ಟು, ಕಾಂಪೌಂಡರು ಊಟ ಮುಗಿಸಿ ಫೋನು ಎತ್ತುವವರೆಗೆ ಕಾದು, "ಮನುಷ್ಯರಿಗೂ ಅದೇನೇ ಕೊಡ್ತಾರೆ, ಹೋಗಿ ಕೊಡಪ್ಪ," ಎಂದು ಅವನಿಂದ ಬೈಸಿಕೊಂಡು ಹಿಂದಿರುಗುವಾಗ ಒಂಬತ್ತೂವರೆ. ಇಂಜೆಕ್ಷನ್ ಆರಂಭವಾಗಬೇಕಾಗಿದ್ದದ್ದು ಏಳಕ್ಕೆ.

ಇಷ್ಟು ಗಿರಿಜಮ್ಮನ ಮತ್ತು ಕರಿಯಮ್ಮನ ಹೇಳಿಕೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಹೊಂದುತ್ತವೆ.

ಒಳಗೆ ನನ್ನ ಸ್ಥಿತಿ ಹೀಗಿತ್ತು. ಅಮಲಿನ ಔಷಧಿಯನ್ನು ಕಡಿಮೆ ಮಾಡಿದ್ದರಿಂದ ಎಚ್ಚರವಿತ್ತು. ಎದುರು ಗೋಡೆಯಲ್ಲಿ ಗಡಿಯಾರವಿತ್ತು. ಬೆಳುಗುಪ್ಪದ ಒಬ್ಬ ನರ್ಸು ಹಳೆಯ ಫಾರಂಗಳ ಹಿಂಬದಿಯನ್ನು ಕತ್ತರಿಸಿ, ಒಂದು ರಟ್ಟಿಗೆ ಕ್ಲಿಪ್ಪು ಹಾಕಿ, ಪೆನ್ಸಿಲಿಗೆ ದಾರ ಕಟ್ಟಿ ನನ್ನ ಎದೆಯ ಮೇಲೆ ಇಟ್ಟಿದ್ದಳು. "ತಾತಾ, ಏನ್ ಬೇಕೋ ಬರೀರಿ. ನೀವು ಬಾಳ ಓದಿದೋರಂತ, ನನಗ ತಿಳಿಯಂಗ ಬರೀರಿ ಮತ್ತ," ಎಂದು ತಮಾಷೆ ಮಾಡುತ್ತಿದ್ದಳು. ತುಟಿ ಒಣಗಿದಾಗ ಹತ್ತಿಯಲ್ಲಿ ನೀರು ಒತ್ತುತ್ತಿದ್ದಳು. ತಂಗಿ ರಕ್ಷೆಗೆಂದು ನನ್ನ ಮುಂಗೈಗೆ ಕಟ್ಟಿಹೋದ ಕರಿ ಉಣ್ಣೆಯ ದಾರವನ್ನು ಬಿಚ್ಚಿಸದೆ ಅದರ ಪಕ್ಕದಲ್ಲೇ ಸೂಜಿಯ ಪಟ್ಟಿ ಅಂಟಿಸಿದಳು. ನನ್ನ ಬರಹದ ಚೀಟಿಗಳಲ್ಲಿ ನೀರು, ಸೆಕೆ, ಬೆನ್ನು ಎಂಬಂಥವೇ ಹೆಚ್ಚು. ಎಲ್ಲಕ್ಕೂ ಮೇಲೆ ತಾರೀಖು, ವಾರ, ಹೊತ್ತು ಬರೆದು ಕೆಳಗೆ ಸಹಿ ಹಾಕುತ್ತಿದ್ದೆನೆಂದು ಅವಳು ಉಳಿದ ನರ್ಸುಗಳಿಗೆ ತೋರಿಸಿ ನಗುತ್ತಿದ್ದಳು.

ಗುರುವಾರ ಬೆಳಗಿನ ನೆನಪು ನನ್ನಲ್ಲಿ ಸ್ಪಷ್ಟವಾಗಿದೆ. ಏಳೂವರೆಗೆ ವೈದ್ಯರು ಬಂದು ಎಡಗಡೆ ನಿಂತರು. ಕೊಳವೆಯ ಸುತ್ತಲಿನ ಪುಟ್ಟ ಬಲೂನಿನ ಗಾಳಿ ಬಿಟ್ಟು, ಪಕ್ಕದಿಂದ ಉಸಿರು ಸೋರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದರು. ಆಮೇಲೆ ನೆಟ್ಟಗೆ ನಿಂತು, "ಔಷಧಿ ತಡ ಆಗೈತಿ, ಇವತ್ತು ಬ್ಯಾಡ," ಎಂದರು. ನಾನು ತಯಾರಾಗಿದ್ದೆ. ಕೊಳವೆ ಹೋಗಲಿ ಎಂದಷ್ಟೇ ಇತ್ತು. ಮಧ್ಯಾಹ್ನ ಗಿರಿಜಮ್ಮ ಒಳಗೆ ಬಂದು ಸೀಸೆಯ ಕಥೆ ಹೇಳಿದಾಗ ನನಗೆ ಈರಣ್ಣನ ಮೇಲೆ ಸಿಟ್ಟು ಬಂತು. ಆ ಹತ್ತು ದಿನಗಳಲ್ಲಿ ನನಗೆ ನೆನಪಿರುವ ಭಾವನೆ ಅದೊಂದೇ.

ಹೊರಗೆ ಅಷ್ಟರಲ್ಲಿ ಮಾತು ಆಗಿಹೋಗಿತ್ತು. ವೈದ್ಯರು ಹಾಲಿಗೆ ಬಂದು, "ಇವತ್ತು ಬ್ಯಾಡ್ರಿ ಅಮ್ಮ, ನಾಳೆ ನೋಡೋಣು," ಎಂದಷ್ಟೇ ಹೇಳಿ ಬೇರೊಬ್ಬ ರೋಗಿಯತ್ತ ಓಡಿದ್ದರು. ಕಾರಣವನ್ನು ಗಿರಿಜಮ್ಮನೇ ಕಂಡುಕೊಂಡಳು. ಅವಳು ಕಂಬಳಿಯ ಅಂಚಿನಲ್ಲಿ ನಿಂತುಕೊಂಡೇ ಕೇಳಿದಳಂತೆ:

"ಕುರಿ ಕಾಯೋರಿಗೆ ಕೇಳಿ ಮನುಷ್ಯಾಗ ಔಷಧಿ ಕೊಡಬೇಕೇನ್ರಿ? ಅವರಿಗೆ ಕುತ್ತಿಗಿ ಕೊಯ್ಯೋದು ಬಂತಂದ್ರ ಯಾರು ಜವಾಬು?"

"ಅಕ್ಕಾ, ನಾನು ಬರಾವಾಗ್ಲೇ ನರ್ಸಮ್ಮ ಬಾಗ್ಲಲ್ಲಿ ಹೇಳುದ್ಲು. ಅವರತ್ರ ಇದ್ದುದ್ದೇ ಏಳು ಗಂಟೆಗೆ ಚುಚ್ಚವ್ರಂತೆ. ನಂದು ಅದ್ರು ಬದ್ಲಿಗೆ ಮಡಿಕ್ಕಳಕ್ಕಂತೆ."

"ಈಗ ಹಿಂಗಂತೀರಿ. ರಾತ್ರಿ ಯಾಕ ಹೇಳಲಿಲ್ಲ?"

"ರಾತ್ರಿ ನೀವು ನನ್ ಮಕ ನೋಡ್ಲಿಲ್ಲ, ನಾನು ಬಾಯಿ ಬಿಡ್ಲಿಲ್ಲ. ಕಂಬಳಿ ಮ್ಯಾಲೆ ಕುಂತು ಹೇಳ್ತಾ ಇವ್ನಿ ಅಕ್ಕಾ. ಬಾವಂಗೆ ಸೂಜಿ ತಪ್ಪಿಲ್ಲ."

"ಕಂಬಳಿ ಏನ್ರಿ, ಯಾರು ಹಾಸಿದ್ರೂ ಹಾಸಿಕೊಳ್ಳತೈತಿ."

ಈ ಮಾತಿಗೆ ಈರಣ್ಣ ಎದ್ದ. ಅವನು ಚಪ್ಪಲಿ ಮೆಟ್ಟಿಕೊಂಡು ಹೆಂಡತಿಗೆ, "ನಡೀಯೇ," ಎಂದ. ಕರಿಯಮ್ಮ ಕಂಬಳಿ ಮಡಚಲು ಬಗ್ಗಿದಳು. "ಅದುನ್ನ ಬಿಡು. ಮಾತು ನಿಲ್ದಿದ್ ಮ್ಯಾಲೆ ಅದುನ್ನ ಹೊತ್ಕಂಡು ಏನ್ ಮಾಡಾದು," ಎಂದು ಹೇಳಿ ನಡೆದುಬಿಟ್ಟ. ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಹೋದರು.

ಆಗಸ್ಟ್ 18, ಶುಕ್ರವಾರ ಬೆಳಿಗ್ಗೆ ಕೊಳವೆ ತೆಗೆದರು. ಗುರುವಾರವೂ ನಾಲ್ಕು ತಾಸಿಗೊಮ್ಮೆ ಇಂಜೆಕ್ಷನ್ ನಡೆದಿತ್ತು. ಬೆಳುಗುಪ್ಪದ ನರ್ಸು ನನ್ನ ತಲೆ ಹಿಡಿದುಕೊಂಡು, "ನುಂಗಬ್ಯಾಡ್ರಿ ತಾತಾ, ಸುಮ್ನ ಉಸಿರು ಬಿಡ್ರಿ, ಕೆಮ್ರಿ," ಎಂದಳು. ಉದ್ದವಾದದ್ದೊಂದು ಹೊರಗೆ ಬಂತು. ನಾನು ಹೊಲಿಗೆಯ ಸದ್ದಿಗಾಗಿ ಕಾದೆ. ಒಂದು, ಎರಡು, ಮೂರು. ಹನ್ನೊಂದು ದಾಟಿತು. ಸದ್ದಿರಲಿಲ್ಲ. ಗಾಳಿ ಬರಿ ಗಾಳಿಯಾಗಿಯೇ ಹೋಗಿ ಬರುತ್ತಿತ್ತು. ವೈದ್ಯರು ಒಂದು ತಾಸು ಅಲ್ಲಿಯೇ ಸುತ್ತಾಡಿದರು. ಕುತ್ತಿಗೆಗೆ ಬೇಕಾಗಬಹುದೆಂದು ಸಿದ್ಧಮಾಡಿಟ್ಟಿದ್ದ ತಟ್ಟೆಯನ್ನು ಹತ್ತು ಗಂಟೆಗೆ ಬಟ್ಟೆ ಮುಚ್ಚಿ ಒಯ್ದರು.

ನನ್ನ ಮೊದಲ ಮಾತು, "ಇವತ್ತು ಎಷ್ಟನೇ ತಾರೀಖು?" ಅದು ಮಾತಿನಂತಿರಲಿಲ್ಲ, ಮರಳುಕಾಗದ ಉಜ್ಜಿದಂತಿತ್ತು. ನರ್ಸು ನಕ್ಕು, "ಹದಿನೆಂಟ್ರಿ ತಾತಾ. ಹೆಂಡ್ತಿ ಹೆಂಗದಾಳ ಅಂತ ಕೇಳ್ರಿ ಮೊದಲ," ಎಂದಳು.

ಎಲ್ಲರೂ ಸಂತೋಷಪಟ್ಟರು. ನಾನು ಸಂತೋಷಪಡಲು ಕಾಯುತ್ತಿದ್ದೆ. ಮನೆಗೆ ಬಂದ ಮೇಲೂ ಕಾದೆ. ಸ್ಟೀರಾಯ್ಡಿನಿಂದ ಏರಿದ ಸಕ್ಕರೆ ಮೂರು ವಾರಕ್ಕೆ ಇಳಿಯಿತು, ದನಿ ಎರಡು ತಿಂಗಳಿಗೆ ತಿಳಿಯಾಯಿತು. ಬೀದಿಯಲ್ಲಿ ಸೂಜಿ ಸಿಕ್ಕಿಕೊಂಡರೆ ಇಂದಿಗೂ ಉಸಿರು ಎಣಿಸುತ್ತೇನೆ. ಉಳಿದಂತೆ ಹೇಳಬೇಕಾದದ್ದು ಹೆಚ್ಚಿಲ್ಲ. ಇಂಥ ಕಾಯಿಲೆಯಿಂದ ಎದ್ದವರು ಹೊಸದಾಗಿ ಹುಟ್ಟಿ ಬಂದಂತಾಯಿತು ಎನ್ನುವುದನ್ನು ಕೇಳಿದ್ದೇನೆ. ನನಗೆ ಹಾಗಾಗಲಿಲ್ಲ. ಹಾಗಾಗದವರು ಇದನ್ನು ಓದುತ್ತಿದ್ದರೆ, ಅವರೊಬ್ಬರೇ ಅಲ್ಲ ಎಂದು ತಿಳಿಸುತ್ತೇನೆ.

ಕಂಬಳಿಯನ್ನು ಗಿರಿಜಮ್ಮ ಒಗೆದು, ಬೇವಿನ ಎಲೆಯಿಟ್ಟು ಮಡಚಿ ಬೀರುವಿನ ಮೇಲಿಟ್ಟಳು. ಈರಣ್ಣ ಮತ್ತೆ ರಾಯದುರ್ಗಕ್ಕೆ ಬರಲಿಲ್ಲ. ಕರಿಯಮ್ಮ ಆಗಾಗ ಫೋನು ಮಾಡುತ್ತಾಳೆ, "ಅಣ್ಣಾ, ಉಸ್ರು ಚೆನ್ನಾಗೈತಾ?" ಎಂದು ಕೇಳಿ ಇಟ್ಟುಬಿಡುತ್ತಾಳೆ. ನಾನಾಗಿ ಅವನನ್ನು ಕರೆಯಲಿಲ್ಲ. ಕರೆಯಲು ಕಾರಣ ಕಾಣಲಿಲ್ಲ. ಕ್ಯಾಲೆಂಡರಿನಲ್ಲಿ ಬರೆದಿತ್ತು, ನನ್ನ ಕಿವಿಯೂ ಕೇಳಿತ್ತು. ಎರಡು ಆಧಾರಗಳು ಒಂದೇ ಮಾತು ಹೇಳುವಾಗ ನನ್ನ ವೃತ್ತಿಯಲ್ಲಿ ಮೂರನೆಯದನ್ನು ಹುಡುಕುವುದು ಕಡಿಮೆ.

ಮೂರನೆಯದು ತಾನಾಗಿ ಬಂತು. ಈ ವರ್ಷ ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಗಬೇಕಾಗಿದೆ. ಅದಕ್ಕೂ ಗಂಟಲಿಗೆ ಕೊಳವೆ ಇಳಿಸುತ್ತಾರೆ. ಅರಿವಳಿಕೆಯ ವೈದ್ಯೆ ನನ್ನ ಮಾತನ್ನು ಕೇಳಿಸಿಕೊಂಡು, "ಹಿಂದಿನ ಸಲ ಊತ ಬಂದಿತ್ತು ಅಂದ್ರ ಈ ಸಲ ನಾವು ಮೊದಲ ಹುಷಾರಾಗಿರಬೇಕು. ಯಾವಾಗ, ಎಷ್ಟು ಸಲ ಸ್ಟೀರಾಯ್ಡ್ ಕೊಟ್ಟಾರ, ಪೂರ್ತಿ ಕಾಗದ ತರ್ರಿ," ಎಂದರು. ಬಳ್ಳಾರಿಯ ಆಸ್ಪತ್ರೆಗೆ ಅರ್ಜಿ ಕೊಟ್ಟೆ. ಒಳರೋಗಿಯ ಕಡತದ ನಕಲು ನನ್ನ ಕೈಸೇರಿದ್ದು 2025ರ ಫೆಬ್ರವರಿ 11, ಮಂಗಳವಾರ. ಓದುಗರಿಗೆ ಒಂದು ಸಲಹೆ: ಕೊಳವೆ ತೆಗೆದಾಗ ತೊಂದರೆಯಾಗಿದ್ದವರು ಬಿಡುಗಡೆಯ ಪತ್ರವೊಂದರಿಂದ ತೃಪ್ತರಾಗದೆ ಈ ಕಡತವನ್ನೂ ಪಡೆದಿಟ್ಟುಕೊಳ್ಳಬೇಕು.

ಔಷಧಿಯ ಹಾಳೆಯಲ್ಲಿ ಹೀಗಿದೆ. ಬುಧವಾರ, 16ನೆಯ ತಾರೀಖು, ಸಂಜೆ ಏಳು: ಸ್ಟೀರಾಯ್ಡ್ ಮೊದಲ ಇಂಜೆಕ್ಷನ್, ವಾರ್ಡಿನ ದಾಸ್ತಾನಿನಿಂದ. ರಾತ್ರಿ ಹನ್ನೊಂದು: ಎರಡನೆಯದು. ಮೂರು ಗಂಟೆ, ಏಳು ಗಂಟೆ: ಅವೂ ಸರಿಯಾಗಿ. ಒಂದೂ ತಡವಾಗಿಲ್ಲ. ಒಂಬತ್ತು ಮೂವತ್ತೈದಕ್ಕೆ ಒಂದು ಸಾಲು: ರೋಗಿಯ ಕಡೆಯವರಿಂದ ಸೀಸೆಗಳು ಬಂದವು, ದಾಸ್ತಾನಿಗೆ ಸೇರಿಸಲಾಯಿತು.

ಗುರುವಾರ ಬೆಳಿಗ್ಗೆಯ ವೈದ್ಯರ ಟಿಪ್ಪಣಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಕೊಡುತ್ತೇನೆ: ಬಲೂನಿನ ಗಾಳಿ ಬಿಟ್ಟಾಗ ಸೋರಿಕೆ ಚೆನ್ನಾಗಿದೆ. ಕೊಳವೆ ತೆಗೆಯಬಹುದು. ರೋಗಿ ಎಚ್ಚರವಾಗಿದ್ದಾರೆ, ತುಂಬ ಹೆದರಿದ್ದಾರೆ, ಒಪ್ಪುತ್ತಿಲ್ಲ. ಬರೆದುಕೊಟ್ಟಿದ್ದಾರೆ, ಚೀಟಿ ಲಗತ್ತಿಸಿದೆ. ಇಂಜೆಕ್ಷನ್ ಮುಂದುವರಿಸಿ, ನಾಳೆ ಬೆಳಿಗ್ಗೆ ನೋಡುವುದು.

ಚೀಟಿಯ ನಕಲು ಮುಂದಿನ ಹಾಳೆಯಲ್ಲಿದೆ. ಮೇಲೆ "17-8-23, ಗುರುವಾರ, ಬೆ. 7.40". ಕೆಳಗೆ ಸಹಿ. ಅಕ್ಷರ ನಡುಗಿದೆ, ಆದರೆ ಒಂದನ್ನೂ ಅನುಮಾನಿಸುವಂತಿಲ್ಲ. ಏಳರ ಅಂಕಿಗೆ ಅಡ್ಡಗೆರೆ ಹಾಕುವುದು ನಮ್ಮ ಮನೆಯಲ್ಲಿ ನಾನೊಬ್ಬನೇ. ಮೊದಲ ಸಾಲು: "ಇಂದು ತೆಗೆಯಬೇಡಿ."

ಇದನ್ನು ಬರೆದದ್ದು ನನಗೆ ನೆನಪಿಲ್ಲ. ಇವತ್ತಿಗೂ ನೆನಪಿಗೆ ಬಂದಿಲ್ಲ. ವೈದ್ಯರು ಎಡಗಡೆ ನಿಂತು ಔಷಧಿ ತಡವಾಯಿತೆಂದು ಹೇಳಿದ್ದು ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿದೆ. ಅಂಥ ಮಾತು ಕಡತದಲ್ಲಿ ಎಲ್ಲಿಯೂ ಇಲ್ಲ.

ಗಿರಿಜಮ್ಮನಿಗೆ ಔಷಧಿಯ ಹಾಳೆಯನ್ನೂ ವೈದ್ಯರ ಟಿಪ್ಪಣಿಯನ್ನೂ ಓದಿ ಹೇಳಿದೆ. ಏಳು ಗಂಟೆ ಎಂಬುದನ್ನು ಮತ್ತೊಮ್ಮೆ ಓದಿಸಿದಳು. ಬಳಿಕ ಕುರ್ಚಿ ಎಳೆದುಕೊಂಡು ಬೀರುವಿನ ಮೇಲಿಂದ ಕಂಬಳಿ ಇಳಿಸಿದಳು. ಅಂಗಳದಲ್ಲಿ ಕೊಡವಿ, ಬೇವಿನ ಎಲೆಯ ಪುಡಿ ಉದುರಿಸಿ ಬಿಸಿಲಿಗೆ ಹರವಿದಳು.

"ಒಬ್ಬರ ಹೋಗಬ್ಯಾಡ್ರಿ," ಎಂದಳು. "ನಾನೂ ಬರ್ತೀನಿ. ಆ ಮಾತು ಅಂದಾಕಿ ನಾನು."

ಮುಂದಿನ ವಾರ ಮಡಕಶಿರದ ಮೇಲೆ ಅಮರಾಪುರಕ್ಕೆ ಹೋಗುವುದೆಂದಾಗಿದೆ. ಕಂಬಳಿಯ ಜೊತೆಗೆ ಕಡತದ ನಕಲನ್ನೂ ಒಯ್ಯುತ್ತೇನೆ. ಈರಣ್ಣ ಓದುವವನಲ್ಲ, ನಾನೇ ಓದಿ ಹೇಳಬೇಕು.

ಚೀಟಿಯಲ್ಲಿ ಎರಡನೆಯ ಸಾಲೊಂದಿದೆ. ಗಿರಿಜಮ್ಮನಿಗೆ ಅದನ್ನು ನಾನು ಓದಿ ಹೇಳಲಿಲ್ಲ. ಎಂಟು ಗಂಟೆಗೆ ನರ್ಸುಗಳ ಡ್ಯೂಟಿ ಬದಲಾಗುತ್ತದೆ. ಚೀಟಿ ಕಡತ ಸೇರಿತು, ಆ ಸಾಲು ಹೊರಗಿನ ಯಾರ ಕಿವಿಗೂ ಹೋದಂತೆ ಕಾಣುವುದಿಲ್ಲ. ಆ ದಿನದ ಬಗ್ಗೆ ನನ್ನ ನೆನಪಿನಲ್ಲಿರುವುದು ಈರಣ್ಣನ ಮೇಲಿನ ಸಿಟ್ಟು. ಚೀಟಿಯಲ್ಲಿ ನನ್ನ ಕೈಯಿಂದ ಬರೆದಿರುವುದು: "ಈರಣ್ಣನನ್ನು ಒಳಗೆ ಕಳಿಸಿ."

ಏಳು ನಲವತ್ತಕ್ಕೆ, ಉಸಿರಾಡದ ಮರಿಗಳನ್ನು ಎಬ್ಬಿಸುತ್ತಿದ್ದ ಅವನು ಬಾಗಿಲ ಹೊರಗೆ ಕಂಬಳಿಯ ಮೇಲೆ ಕುಳಿತಿದ್ದ. ಇದಕ್ಕೆ ಗಿರಿಜಮ್ಮನೇ ಆಧಾರ.